ಟರ್ಬೊ ರೋಟರಿಯಲ್ಲಿ ಪ್ಲಗ್ ಪದೇ ಪದೇ ಹೋಗುತ್ತಿದ್ದರೆ

ಹೊಸ ಸ್ಪಾರ್ಕ್ ಪ್ಲಗ್ ಹಾಕಿ ವಾರ ಕಳೆಯುವಷ್ಟರಲ್ಲಿ ಗಾಡಿ ಮತ್ತೆ ಮಿಸ್ ಹೊಡೆಯುತ್ತಿದ್ದರೆ ಇನ್ನೊಂದು ಸೆಟ್ ತರಿಸಬೇಡಿ. ಮುಂಬೈ, ಪುಣೆಯಲ್ಲಿ ಮಜ್ದಾ ಆರ್‌ಎಕ್ಸ್-7 ಇಟ್ಟುಕೊಂಡವರು ಬೆರಳೆಣಿಕೆಯಷ್ಟು. ಅವರ ದುಡ್ಡು ಹೆಚ್ಚಾಗಿ ಪೋಲಾಗುವುದು ಇಲ್ಲೇ.

ಈ ಕಾರಿನ 13ಬಿ ರೋಟರಿ ಎಂಜಿನ್ನಿಗೆ ಪಿಸ್ಟನ್ ಬದಲು ತಿರುಗುವ ಎರಡು ತ್ರಿಕೋನ ರೋಟರ್, ಒಂದೊಂದಕ್ಕೆ ಎರಡರಂತೆ ನಾಲ್ಕು ಪ್ಲಗ್. ಕೆಳಗಿನದು ಲೀಡಿಂಗ್, ಮೇಲಿನದು ಟ್ರೇಲಿಂಗ್. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಬಿಚ್ಚಿ. ಹೌಸಿಂಗ್ ಅಲ್ಯೂಮಿನಿಯಂ, ಬಿಸಿಯಲ್ಲಿ ಬಿಚ್ಚಿದರೆ ಥ್ರೆಡ್ ಕಿತ್ತು ಬರುತ್ತದೆ. ಎಲ್1, ಟಿ1, ಎಲ್2, ಟಿ2 ಎಂದು (ಅಕ್ಷರ ಲೀಡಿಂಗ್-ಟ್ರೇಲಿಂಗ್‌ಗೆ, ಅಂಕಿ ರೋಟರಿಗೆ) ಬರೆದು ಸಾಲಾಗಿ ಜೋಡಿಸಿಡಿ. ನಾಲ್ಕನ್ನೂ ಒಂದೇ ಡಬ್ಬಿಗೆ ಹಾಕಿದರೆ ಕಾರಣ ಸಿಗುವ ದಾರಿಯೇ ಮುಚ್ಚಿಹೋಗುತ್ತದೆ.

ಎರಡೂ ಲೀಡಿಂಗ್ ಕೆಟ್ಟಿವೆಯೇ? ಕಂಪನಿ ಇಗ್ನಿಷನ್‌ನಲ್ಲಿ ಅವೆರಡಕ್ಕೂ ಒಂದೇ ಕಾಯಿಲ್, ಮೊದಲ ಅನುಮಾನ ಅದರ ಮೇಲೆ. ಒಂದೇ ರೋಟರಿನ ಎರಡೂ ಕೆಟ್ಟಿದ್ದರೆ ಆ ರೋಟರಿನ ಇಂಜೆಕ್ಟರ್, ಆಯಿಲ್ ಸೀಲ್, ಕೂಲಂಟ್ ಸೀಲ್ ನೋಡಿ. ಒಂದೇ ಒಂದು ಕೆಟ್ಟಿದ್ದರೆ ಅದರ ವೈರ್.

ಪ್ಲಗ್ ಮೇಲಿನ ನಂಬರ್ ಕೂಡ ಓದಿ. ಎನ್‌ಜಿಕೆ ಕಂಪನಿಯ ಪ್ಲಗ್‌ನಲ್ಲಿ ಅಂಕಿ ದೊಡ್ಡದಾದಷ್ಟೂ ಪ್ಲಗ್ ತಂಪು, ಅಂದರೆ ಬಿಸಿಯನ್ನು ಬೇಗ ಬಿಟ್ಟುಕೊಡುತ್ತದೆ. ಮೂರನೇ ತಲೆಮಾರಿನ ಆರ್‌ಎಕ್ಸ್-7ಕ್ಕೆ ಲೀಡಿಂಗ್‌ನಲ್ಲಿ 7, ಟ್ರೇಲಿಂಗ್‌ನಲ್ಲಿ 9. ಅದಲುಬದಲಾದರೆ ಲೀಡಿಂಗ್ ಮಸಿ ಹಿಡಿಯುತ್ತದೆ, ಟ್ರೇಲಿಂಗ್ ಕಾದು ಸುಡುತ್ತದೆ. ಬೂಸ್ಟ್ (ಟರ್ಬೊ ಗಾಳಿ ತುಂಬುವ ಒತ್ತಡ) ಏರಿಸಿದವರು ನಾಲ್ಕಕ್ಕೂ 9 ಹಾಕುವುದುಂಟು. ಘಾಟ್‌ನಲ್ಲಿ ಅದು ಸರಿ, ಅಂಧೇರಿಯ ಟ್ರಾಫಿಕ್‌ನಲ್ಲಿ ತೆವಳುವಾಗ ಕಟ್ಟಿಕೊಳ್ಳುತ್ತದೆ. ತುದಿ ಚಾಚಿಕೊಂಡ ಮಾಮೂಲಿ ಕಾರಿನ ಪ್ಲಗ್ ಮಾತ್ರ ಎಂದಿಗೂ ಬೇಡ. ರೋಟರಿನ ಮೂಲೆಯಲ್ಲಿರುವ ಅಪೆಕ್ಸ್ ಸೀಲ್ ಪ್ಲಗ್ ರಂಧ್ರದ ಮೇಲೆಯೇ ಹಾದುಹೋಗುತ್ತದೆ.

ಒಣ ಕಪ್ಪು ಮಸಿ ಕಂಡರೆ ಗಾಳಿ-ಇಂಧನ ಅನುಪಾತ ತೋರಿಸುವ ವೈಡ್‌ಬ್ಯಾಂಡ್ ಮೀಟರನ್ನು ಕಣ್ಣುಮುಚ್ಚಿ ನಂಬಬೇಡಿ. ಕಿಡಿ ತಪ್ಪಿದಾಗ ಉರಿಯದ ಆಮ್ಲಜನಕ ಹಾಗೇ ಸೈಲೆನ್ಸರಿಗೆ ಹೋಗುತ್ತದೆ; ಸೆನ್ಸರ್ ಅದನ್ನೇ ನೋಡಿ ‘ಲೀನ್’ (ಪೆಟ್ರೋಲ್ ಕಡಿಮೆ) ಎನ್ನುತ್ತದೆ. ಟ್ಯೂನರ್ ಇನ್ನಷ್ಟು ಪೆಟ್ರೋಲ್ ಸುರಿಯುತ್ತಾನೆ, ಪ್ಲಗ್ ಇನ್ನಷ್ಟು ಬೇಗ ಸಾಯುತ್ತದೆ. ಬೂಸ್ಟ್‌ನಲ್ಲಿ ಮಾತ್ರ ಮಿಸ್ ಆಗುತ್ತಿದ್ದರೆ ಮೊದಲು ಕಾಯಿಲ್‌ಗೆ ಬರುವ ವೋಲ್ಟೇಜ್, ಅರ್ತಿಂಗ್ ನೋಡಿ. ಒತ್ತಡ ಏರಿದಷ್ಟೂ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು.

ಒದ್ದೆ, ಜಿಡ್ಡು ಇದ್ದರೆ ಪೆಟ್ರೋಲಿಗೆ ಬೆರೆಸುವ 2ಟಿ ಆಯಿಲ್ ಅಳತೆ ಕೇಳಿ. ಪುಣೆಯಲ್ಲಿ ಹಳೆ ಸ್ಕೂಟರ್ ಲೆಕ್ಕದಲ್ಲಿ ಲೀಟರಿಗೆ 20 ಮಿಲಿ ಸುರಿಯುವವರಿದ್ದಾರೆ. ಎಂಜಿನ್ನಿನೊಳಗೆ ತಾನೇ ಆಯಿಲ್ ಹನಿಸುವ ಆಯಿಲ್ ಮೀಟರಿಂಗ್ ಪಂಪ್ ಕೆಲಸ ಮಾಡುತ್ತಿದ್ದರೆ 4 ಮಿಲಿ ಸಾಕು, ಪಂಪ್ ತೆಗೆದಿದ್ದರೆ 8ರ ಆಸುಪಾಸು. ಅಳತೆ ಸರಿಯಿದ್ದೂ ಜಿಡ್ಡಾದರೆ ಇಂಟರ್‌ಕೂಲರ್ ಹೋಸ್ ಬಿಚ್ಚಿ. ಒಳಗೆ ಆಯಿಲ್ ನಿಂತಿದ್ದರೆ ಅದು ಟರ್ಬೊ ಸೀಲಿನಿಂದಲೋ ಬ್ರೀದರ್‌ನಿಂದಲೋ ಬಂದದ್ದು.

ಬಿಳಿಚಿದ ಪಿಂಗಾಣಿ, ಸವೆದ ಎಲೆಕ್ಟ್ರೋಡ್ ಬೇರೆಯೇ ಕಥೆ, ಇದರಲ್ಲಿ ಎಂಜಿನ್ನೇ ಹೋಗಬಹುದು. ಪೂರ್ತಿ ಉರಿಯಲು ಶುದ್ಧ ಪೆಟ್ರೋಲಿಗೆ ಬೇಕಾದ ಗಾಳಿ-ಇಂಧನ ಅನುಪಾತ 14.7, ಇ20ಗೆ (ಶೇ 20 ಎಥನಾಲ್ ಬೆರೆತ ಪೆಟ್ರೋಲ್) ಸುಮಾರು 13.5. ಹಳೆ ಟ್ಯೂನ್‌ನಲ್ಲೇ ಇ20 ತುಂಬಿಸಿ ಖಂಡಾಲಾ ಘಾಟ್ ಹತ್ತಿದರೆ ಬೂಸ್ಟ್‌ನಲ್ಲಿ ಮಿಶ್ರಣ ಲೀನ್ ಆಗುತ್ತದೆ. ಪಿಂಗಾಣಿ ಬಿರುಕು ಬಿಟ್ಟಿದ್ದರೆ ಡೆಟೊನೇಷನ್ (ಮಿಶ್ರಣ ಹತೋಟಿ ತಪ್ಪಿ ಸಿಡಿಯುವುದು) ಆಗಿದೆ ಎಂದೇ ತಿಳಿಯಿರಿ. ಟ್ಯೂನಿನ ಇಂಧನ ಮ್ಯಾಪ್ ತಿದ್ದುವವರೆಗೆ ಬೂಸ್ಟ್ ಮುಟ್ಟಬೇಡಿ, ಮುಂದಿನ ಸರದಿ ಅಪೆಕ್ಸ್ ಸೀಲಿನದು.

ಬೆಳಗಿನ ಮೊದಲ ಸ್ಟಾರ್ಟಿಗೆ ಮಾತ್ರ ಒಂದು ರೋಟರ್ ತಡವರಿಸಿ, ಬಿಳಿ ಹೊಗೆ ಬಿಟ್ಟು ಸರಿಹೋಗುತ್ತದೆಯೇ? ಕೂಲಿಂಗ್ ಸಿಸ್ಟಮ್‌ಗೆ ರೇಡಿಯೇಟರ್ ಮುಚ್ಚಳದ ಮೇಲೆ ಬರೆದಷ್ಟು ಒತ್ತಡ ಕೊಟ್ಟು ರಾತ್ರಿ ಬಿಡಿ. ಬೆಳಿಗ್ಗೆ ಪ್ಲಗ್ ಬಿಚ್ಚಿ ಕ್ರ್ಯಾಂಕ್ ಮಾಡಿದಾಗ ರಂಧ್ರದಿಂದ ಕೂಲಂಟ್ ಚಿಮ್ಮಿದರೆ ಸೀಲ್ ಹೋಗಿದೆ, ಎಂಜಿನ್ ಬಿಚ್ಚಲೇಬೇಕು.