ಪದ ಪರಿಚಯ: ತಡಪರಿಣಾಮ

ಅಡ್ಡಪರಿಣಾಮ ನಮಗೆಲ್ಲ ಗೊತ್ತಿರುವ ಪದ. ಕೀಮೋ ಕೊಟ್ಟಾಗ ಕೂದಲು ಉದುರುತ್ತದೆ, ವಾಂತಿಯಾಗುತ್ತದೆ, ಬಾಯಲ್ಲಿ ಹುಣ್ಣಾಗುತ್ತದೆ. ಔಷಧ ನಿಲ್ಲಿಸಿದ ಮೇಲೆ ಇವು ಬಹುಮಟ್ಟಿಗೆ ಸರಿಹೋಗುತ್ತವೆ. ಮಕ್ಕಳ ಕ್ಯಾನ್ಸರ್ ವೈದ್ಯರು ‘ಲೇಟ್ ಎಫೆಕ್ಟ್’ ಎನ್ನುವುದು ಇದಕ್ಕಲ್ಲ. ಚಿಕಿತ್ಸೆ ಮುಗಿದು ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ, ಕೆಲವೊಮ್ಮೆ ಇಪ್ಪತ್ತು ಮೂವತ್ತು ವರ್ಷಗಳಾದ ಮೇಲೆ, ಆ ಚಿಕಿತ್ಸೆಯ ದೆಸೆಯಿಂದಲೇ ತಲೆದೋರುವ ತೊಂದರೆಗೆ ಆ ಹೆಸರು. ‘ವಿಳಂಬ ಪರಿಣಾಮ’ ಎನ್ನಬಹುದಿತ್ತು, ಆದರೆ ಅದಕ್ಕೆ ಸರ್ಕಾರಿ ಕಡತದ ವಾಸನೆ. ತಡಪರಿಣಾಮ ಎನ್ನೋಣ. ಅರಿಸಮಾಸವೆಂದು ಪಂಡಿತರು ಹುಬ್ಬೇರಿಸಿದರೆ, ಅಡ್ಡಪರಿಣಾಮವೂ ಅದೇ ಜಾತಿಯದು.

ಒಂದು ಗೊಂದಲವನ್ನು ಮೊದಲೇ ಬಿಡಿಸಿಬಿಡಬೇಕು. ತಡಪರಿಣಾಮವೆಂದರೆ ಕ್ಯಾನ್ಸರ್ ಮರುಕಳಿಸುವುದಲ್ಲ. ರೋಗ ಪೂರ್ತಿ ಹೋಗಿದೆ. ಅದನ್ನು ಓಡಿಸಲು ತಂದ ಆಯುಧದ ಗಾಯ ಉಳಿದಿದೆ.

ಈ ಪದ ಹುಟ್ಟಲೂ ಕಾಲ ಬೇಕಾಯಿತು. 1948ರಲ್ಲಿ ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಮಕ್ಕಳ ರಕ್ತದ ಕ್ಯಾನ್ಸರನ್ನು ಔಷಧದಿಂದ ಕೆಲವು ತಿಂಗಳ ಮಟ್ಟಿಗೆ ಹಿಮ್ಮೆಟ್ಟಿಸಬಹುದೆಂದು ತೋರಿಸಿದಾಗ, ಅಷ್ಟೇ ದೊಡ್ಡ ಸುದ್ದಿ. ಮೂವತ್ತರ ವಯಸ್ಸಿನಲ್ಲಿ ಈ ಮಗುವಿನ ಹೃದಯ ಹೇಗಿರುತ್ತದೆ ಎಂದು ಆಗ ಯಾರು ಕೇಳುತ್ತಿದ್ದರು? ಮಕ್ಕಳು ಬದುಕತೊಡಗಿದ ಮೇಲೆ, 1975ರಲ್ಲಿ, ಜೂಲಿಯೊ ಡಿ’ಆಂಜಿಯೊ ಎಂಬ ಅಮೆರಿಕದ ವೈದ್ಯರು ಗುಣವಾದರಷ್ಟೇ ಸಾಲದು ಎಂದು ಬರೆದರು. ಅಮೆರಿಕ ಮತ್ತು ಕೆನಡಾದಲ್ಲಿ 1970ರಿಂದ 1986ರೊಳಗೆ ಕ್ಯಾನ್ಸರ್ ಪತ್ತೆಯಾಗಿ, ಐದು ವರ್ಷ ದಾಟಿ ಬದುಕಿದ ಮಕ್ಕಳ ಬೆನ್ನುಹತ್ತಿದ ದೊಡ್ಡ ಅಧ್ಯಯನ 1994ರಲ್ಲಿ ಶುರುವಾಯಿತು. ಅವರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನರ ಲೆಕ್ಕ 2006ರಲ್ಲಿ ಹೊರಬಂತು. ಸರಾಸರಿ ವಯಸ್ಸು ಇಪ್ಪತ್ತಾರು, ಇಪ್ಪತ್ತೇಳು. ಅಷ್ಟರಲ್ಲೇ ಶೇ. 62 ಮಂದಿಗೆ ಒಂದಾದರೂ ದೀರ್ಘಕಾಲದ ಕಾಯಿಲೆ, ಶೇ. 27ಕ್ಕೂ ಹೆಚ್ಚು ಮಂದಿಗೆ ತೀವ್ರವಾದದ್ದು. ಈ ಅಂಕಿ ಓದಿ ಹೆದರಬೇಕಾಗಿಲ್ಲ. ಅದು ಹಳೆಯ ಕಾಲದ ಚಿಕಿತ್ಸೆ. ರಕ್ತದ ಕ್ಯಾನ್ಸರಿಗೆ ಆಗ ಎಗ್ಗಿಲ್ಲದೆ ಕೊಡುತ್ತಿದ್ದ ತಲೆಯ ರೇಡಿಯೇಷನ್ ಈಗ ಬಹುಪಾಲು ಮಕ್ಕಳಿಗೆ ಇಲ್ಲವೇ ಇಲ್ಲ.

ತಡಪರಿಣಾಮವನ್ನು ಅರ್ಥಮಾಡಿಕೊಳ್ಳಲು ಒಂದು ಔಷಧ ಸಾಕು: ಡಾಕ್ಸೊರುಬಿಸಿನ್. ಹೆಸರು ಯಾವ ತಾಯಿಗೂ ನೆನಪಿರುವುದಿಲ್ಲ. ಆದರೆ ‘ಆ ಕೆಂಪು ಔಷಧ’ ಎಂದರೆ ಎಲ್ಲರಿಗೂ ನೆನಪು, ಏಕೆಂದರೆ ಅದನ್ನು ಕೊಟ್ಟ ದಿನ ಮಗುವಿನ ಮೂತ್ರವೂ ಕೆಂಪಾಗಿ ತಾಯಿ ಬೆಚ್ಚಿಬಿದ್ದಿರುತ್ತಾಳೆ. ಆ ಕೆಂಪು ಒಂದೆರಡು ದಿನಕ್ಕೆ ಹೋಗುತ್ತದೆ, ಅದು ಅಡ್ಡಪರಿಣಾಮ. ಹೃದಯದ ಸ್ನಾಯುವಿನಲ್ಲಿ ಆ ಔಷಧದಿಂದ ಸತ್ತ ಜೀವಕೋಶಗಳು ಮಾತ್ರ ಹೆಚ್ಚುಕಡಿಮೆ ಮತ್ತೆ ಹುಟ್ಟುವುದಿಲ್ಲ. ಐದು ವರ್ಷದ ಹುಡುಗಿಗೆ ಉಳಿದ ಸ್ನಾಯುವೇ ಸಾಕು, ಓಡುತ್ತಾಳೆ, ಆಡುತ್ತಾಳೆ. ಮೈ ಬೆಳೆದಂತೆ ಅಷ್ಟೇ ಸ್ನಾಯು ಇನ್ನಷ್ಟು ಭಾರ ಎಳೆಯಬೇಕು. ಬಸುರಿಯಾದಾಗ ರಕ್ತದ ಪ್ರಮಾಣ ಹೆಚ್ಚುತ್ತದೆ, ಆಗ ಹೃದಯ ದಣಿಯಬಹುದು. ಎಲ್ಲರಿಗೂ ಹೀಗಾಗುವುದಿಲ್ಲ. ಜೀವಮಾನದಲ್ಲಿ ಒಟ್ಟು ಎಷ್ಟು ಔಷಧ ಹೋಯಿತು ಎಂಬುದರ ಮೇಲೆ ಬಹುಮಟ್ಟಿಗೆ ನಿಂತಿದೆ. ದೇಹದ ಮೇಲ್ಮೈಯ ಒಂದು ಚದರ ಮೀಟರಿಗೆ 250 ಮಿಲಿಗ್ರಾಂ ಮುಟ್ಟಿದರೆ ಅಪಾಯ ಹೆಚ್ಚು. ಅಂಥವರಿಗೆ ಎರಡು ವರ್ಷಕ್ಕೊಮ್ಮೆ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಲು ಹೇಳುತ್ತಾರೆ.

ಸಿಸ್‌ಪ್ಲಾಟಿನ್ ಎಂಬ ಇನ್ನೊಂದು ಕೀಮೋ ಔಷಧ ಕೆಡಿಸುವುದು ಕಿವಿಯನ್ನು, ಅದೂ ತಾರಕ ಸ್ಥಾಯಿಯ ಸದ್ದುಗಳನ್ನು ಮೊದಲು. ಕರೆದರೆ ಮಗು ತಿರುಗಿ ನೋಡುತ್ತದೆ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಗದ್ದಲದ ತರಗತಿಯಲ್ಲಿ ಸ, ಶ ಕೇಳಿಸದೆ ಉಕ್ತಲೇಖನ ತಪ್ಪುತ್ತದೆ. ಸ, ಶ ತಪ್ಪಿಸದ ಮಗು ನಮ್ಮಲ್ಲಿ ಎಲ್ಲಿದೆ ಎಂದು ಮೇಷ್ಟರು ಸುಮ್ಮನಾಗುತ್ತಾರೆ.

ಉಳಿದವು ಹಲವು. ತಲೆಗೆ ರೇಡಿಯೇಷನ್ ಆದವರಿಗೆ ಕಲಿಕೆ ನಿಧಾನ, ಎತ್ತರ ಕಡಿಮೆ. ಸೈಕ್ಲೋಫಾಸ್ಫಮೈಡ್ ಎಂಬ ಕೀಮೋ ಔಷಧ ಹೆಚ್ಚು ಪಡೆದವರಿಗೆ ಮಕ್ಕಳಾಗುವುದು ಕಷ್ಟವಾಗಬಹುದು. ಎಳೆಯ ವಯಸ್ಸಿನಲ್ಲಿ ಎದೆಗೆ ರೇಡಿಯೇಷನ್ ಆದ ಹುಡುಗಿಯರು ಇಪ್ಪತ್ತೈದಕ್ಕೇ ಅಥವಾ ಚಿಕಿತ್ಸೆಯಾದ ಎಂಟು ವರ್ಷಕ್ಕೆ, ಯಾವುದು ತಡವೋ ಆಗಿನಿಂದ, ಸ್ತನ ಕ್ಯಾನ್ಸರ್ ತಪಾಸಣೆ ಮಾಡಿಸಿಕೊಳ್ಳುತ್ತಿರಬೇಕು. ಸೂಜಿ ಕಂಡರೆ ಈಗಲೂ ಕೈ ಬೆವರುವುದು, ಸಣ್ಣ ಜ್ವರಕ್ಕೂ ಮನೆಯೆಲ್ಲ ಉಸಿರು ಬಿಗಿಹಿಡಿಯುವುದು, ಇವೂ ತಡಪರಿಣಾಮಗಳೇ.

ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ 1991ರಲ್ಲೇ ಚಿಕಿತ್ಸೆ ಮುಗಿಸಿದ ಮಕ್ಕಳಿಗೆಂದು ಪ್ರತ್ಯೇಕ ಕ್ಲಿನಿಕ್ ತೆರೆಯಿತು. ಇಂಥ ಕ್ಲಿನಿಕ್ಕಿನ ಮುಖ್ಯ ಸಾಧನ ಯಂತ್ರವಲ್ಲ, ಒಂದು ಹಾಳೆ. ಇಂಗ್ಲಿಷಿನಲ್ಲಿ ‘ಟ್ರೀಟ್‌ಮೆಂಟ್ ಸಮ್ಮರಿ’, ಚಿಕಿತ್ಸೆಯ ಸಾರಾಂಶ. ಯಾವ ಕ್ಯಾನ್ಸರ್, ಯಾವ ವಯಸ್ಸಿನಲ್ಲಿ, ಯಾವ ಔಷಧ ಒಟ್ಟು ಎಷ್ಟು, ರೇಡಿಯೇಷನ್ ಎಲ್ಲಿಗೆ ಎಷ್ಟು, ಯಾವ ಶಸ್ತ್ರಚಿಕಿತ್ಸೆ, ಮುಂದೆ ಯಾವ ಪರೀಕ್ಷೆ ಎಷ್ಟು ವರ್ಷಕ್ಕೊಮ್ಮೆ. ಚಿಕಿತ್ಸೆ ಮುಗಿದ ದಿನ ಸಿಹಿ ಹಂಚುವ ಮೊದಲು ಇದನ್ನು ಕೇಳಿ ಬರೆಸಿಕೊಳ್ಳಬೇಕು. ಮೊಬೈಲಿನಲ್ಲಿ ಫೋಟೋ ಇರಲಿ.

ನಮ್ಮಲ್ಲಿ ತೊಡಕು ಇರುವುದು ಬೇರೆ ಕಡೆ. ಫ್ರಾನ್ಸಿನಲ್ಲಿ 2016ರಿಂದ ‘ಮರೆಯುವ ಹಕ್ಕು’ ಕಾನೂನಿದೆ: ಚಿಕಿತ್ಸೆ ಮುಗಿದು ಇಂತಿಷ್ಟು ವರ್ಷವಾದರೆ, ಸಾಲದ ವಿಮೆಗೆ ಹಳೆಯ ಕ್ಯಾನ್ಸರನ್ನು ಹೇಳಬೇಕಾಗಿಲ್ಲ. ಆ ಅವಧಿ ಈಗ ಐದು ವರ್ಷ. ಅಲ್ಲಿ ಮರೆಯಬೇಕಾದವರು ವಿಮೆ ಕಂಪನಿಯವರು. ಇಲ್ಲಿ ಮರೆಸುವುದು ಮನೆಯವರೇ, ಹುಡುಗಿಗೆ ಗಂಡು ಸಿಗಬೇಕಲ್ಲ ಎಂದು. ಅವರನ್ನು ಬೈಯುವುದು ಸುಲಭ, ಅವರ ಭಯ ಸುಳ್ಳೇನಲ್ಲ.

ಹೀಗೊಂದು ಸಂದರ್ಭ ಕಣ್ಣಮುಂದೆ ತಂದುಕೊಳ್ಳಿ. ಇಪ್ಪತ್ನಾಲ್ಕರ ಹುಡುಗಿ, ಚೊಚ್ಚಲ ಬಸುರಿ, ತಾಲ್ಲೂಕು ಆಸ್ಪತ್ರೆಯ ಬೆಂಚಿನ ಮೇಲೆ. ಪಕ್ಕದಲ್ಲಿ ಅತ್ತೆ. “ಚಿಕ್ಕಂದಿನಲ್ಲಿ ದೊಡ್ಡ ಕಾಯಿಲೆ ಏನಾದರೂ ಆಗಿತ್ತೇನಮ್ಮಾ?” ಎಂದು ನರ್ಸ್ ಕೇಳುತ್ತಾರೆ. ಆರನೆಯ ವಯಸ್ಸಿನಲ್ಲಿ ತಲೆ ಬೋಳಾಗಿತ್ತು, ಶಾಲೆ ಒಂದು ವರ್ಷ ತಪ್ಪಿತ್ತು ಎಂಬುದಷ್ಟೇ ಅವಳಿಗೆ ನೆನಪು; ಜಾಂಡೀಸ್ ಎಂದು ಅಮ್ಮ ಹೇಳಿದ್ದಳು. ಎಕೋ ಬೇಕು ಎಂದು ಹೇಳಬಹುದಾಗಿದ್ದ ಫೈಲು ತವರಿನ ಅಟ್ಟದಲ್ಲಿ, ಪ್ಲಾಸ್ಟಿಕ್ ಕವರಿನೊಳಗೆ ಇದೆ. ಹುಡುಗಿ ಅತ್ತೆಯ ಮುಖ ನೋಡುತ್ತಾಳೆ. “ಏನಿಲ್ಲ ಸಿಸ್ಟರ್.” ತಾಯಿ ಕಾರ್ಡಿನಲ್ಲಿ ಆ ಸಾಲಿನ ಮುಂದೆ ನರ್ಸ್ ಒಂದು ಅಡ್ಡಗೆರೆ ಎಳೆದು ಮುಂದಿನವರನ್ನು ಕರೆಯುತ್ತಾರೆ.