ಇಳಿಜಾರಿನ ಮನೆಗಳಿಗೆ ಒಂದೇ ಬಾವಿ: ಪಂಪಿಗಿಂತ ಮೊದಲು ಎತ್ತರದ ಲೆಕ್ಕ

ಗುಡ್ಡದ ಇಳಿಜಾರಿನಲ್ಲಿರುವ ಐದಾರು ಮನೆಯವರು ಕೂಡಿ ಒಂದೇ ಬಾವಿಯ ನೀರನ್ನು ಹಂಚಿಕೊಳ್ಳಲು ಹೊರಟಾಗ, ಪಂಪು ಎಷ್ಟು ಎಚ್‌ಪಿಯದಿರಬೇಕು ಎಂದೇ ಮೊದಲು ಕೇಳುತ್ತಾರೆ. ಪಂಪಿನ ಆಯ್ಕೆ ಕೊನೆಯ ಕೆಲಸ. ಅದಕ್ಕೆ ಮುನ್ನ ಬಾವಿಯ ಒರತೆಯನ್ನೂ ಪ್ರತಿ ಮನೆಯ ನಲ್ಲಿ ಇರುವ ಮಟ್ಟವನ್ನೂ ಅಳೆದು ಬರೆದಿಟ್ಟುಕೊಳ್ಳಬೇಕು.

ಒರತೆಯನ್ನು ಅಳೆಯಬೇಕಾದದ್ದು ಬಾವಿಯ ನೀರು ಅತಿ ಕೆಳಗಿಳಿದಿರುವ ಕಾಲದಲ್ಲಿ. 3 ಮೀಟರ್ ವ್ಯಾಸದ ತೆರೆದ ಬಾವಿಯಲ್ಲಿ ಒಂದು ಮೀಟರ್ ಆಳಕ್ಕೆ ಸುಮಾರು 7,000 ಲೀಟರ್ ನೀರು ಹಿಡಿಯುತ್ತದೆ. ನೀರೆತ್ತಿ ನಿಲ್ಲಿಸಿದ ಮೇಲೆ ಒಂದು ಗಂಟೆಯಲ್ಲಿ ಮಟ್ಟ 30 ಸೆಂಟಿಮೀಟರ್ ಏರಿದರೆ ಒರತೆ ಗಂಟೆಗೆ ಸುಮಾರು 2,100 ಲೀಟರ್ ಎಂದಾಯಿತು. ಇದನ್ನು 24ರಿಂದ ಗುಣಿಸಿ ದಿನದ ಲೆಕ್ಕ ಹಾಕುವಂತಿಲ್ಲ, ಏಕೆಂದರೆ ಮಟ್ಟ ಏರುತ್ತ ಹೋದಂತೆ ಒರತೆ ನಿಧಾನವಾಗುತ್ತದೆ.

ಆರು ಮನೆಗಳ ಮೂವತ್ತು ಜನರಿಗೆ ದಿನಕ್ಕೆ 4,000 ಲೀಟರ್ ಬೇಕೆಂದುಕೊಳ್ಳೋಣ. ಸೆಕೆಂಡಿಗೆ ಅರ್ಧ ಲೀಟರ್ ಎತ್ತುವ ಪಂಪು ಎರಡೂಕಾಲು ಗಂಟೆಯೊಳಗೆ ಅಷ್ಟನ್ನು ಮುಗಿಸುತ್ತದೆ, ಬಾವಿಯೂ ಬರಿದಾಗುವುದಿಲ್ಲ. ಘರ್ಷಣೆಯ ನಷ್ಟವೂ ಸೇರಿ ಒಟ್ಟು ಹೆಡ್, ಅಂದರೆ ಪಂಪು ನೀರನ್ನು ತಳ್ಳಬೇಕಾದ ಲೆಕ್ಕದ ಎತ್ತರ, 60 ಮೀಟರ್ ಇದ್ದು, ದಕ್ಷತೆ ಶೇಕಡ 40 ಮಾತ್ರ ಇದ್ದರೂ ಇದಕ್ಕೆ ಒಂದು ಎಚ್‌ಪಿ ಸಾಕು. ದೊಡ್ಡ ಪಂಪಿನ ಹಟ ಹಿಡಿಯುವವರನ್ನು ಒಪ್ಪಿಸಲು ಈ ಗುಣಾಕಾರವನ್ನು ಅವರೆದುರೇ ಮಾಡಿ ತೋರಿಸಬೇಕಾಗುತ್ತದೆ.

ಪಂಪಿನ ನೀರೆಲ್ಲವೂ ಎಲ್ಲ ಮನೆಗಳಿಗಿಂತ ಮೇಲಿರುವ ಒಂದೇ ತೊಟ್ಟಿಗೆ ಹೋಗಬೇಕು. ಏರುಪೈಪಿನ ನಡುವೆ ಯಾರಿಗೂ ಕವಲು ಕೊಡಬಾರದು; ಕೊಟ್ಟರೆ ಪಂಪು ಓಡುವ ಹೊತ್ತಿನಲ್ಲಿ ಕೆಳಗಿನವರ ನಲ್ಲಿಯೇ ನೀರನ್ನೆಲ್ಲ ಸೆಳೆದುಕೊಂಡು, ತೊಟ್ಟಿಗೆ ಹನಿಯಷ್ಟೇ ತಲುಪುತ್ತದೆ. ಪಂಪು ನಿಂತಾಗ ಹಿಂದಕ್ಕೆ ನುಗ್ಗುವ ನೀರಿನ ಹೊಡೆತವನ್ನೂ ಏರುಪೈಪು ತಾಳಬೇಕಾದುದರಿಂದ, ಈ ಎತ್ತರಕ್ಕೆ ನಾನು 10 ಕೆ.ಜಿ. ದರ್ಜೆಗಿಂತ (ಚದರ ಸೆಂಟಿಮೀಟರಿಗೆ 10 ಕೆ.ಜಿ. ಒತ್ತಡ ತಾಳುವ ಪೈಪು) ಕಡಿಮೆಯದನ್ನು ಬಳಸುವುದಿಲ್ಲ.

ನಿಜವಾದ ತೊಡಕಿರುವುದು ಹಂಚಿಕೆಯಲ್ಲಿ. ಪ್ರತಿ 10 ಮೀಟರ್ ಇಳಿತಕ್ಕೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕೆ.ಜಿ. ಒತ್ತಡ ಕೂಡುತ್ತದೆ. ತೊಟ್ಟಿಗಿಂತ 5 ಮೀಟರ್ ಕೆಳಗಿನ ಮನೆಗೆ ಅರ್ಧ ಕೆ.ಜಿ. ಒತ್ತಡವಷ್ಟೇ ಸಿಕ್ಕರೆ, 45 ಮೀಟರ್ ಕೆಳಗಿನ ಮನೆಯಲ್ಲಿ, ಎಲ್ಲ ನಲ್ಲಿಗಳೂ ಮುಚ್ಚಿರುವ ರಾತ್ರಿ ಹೊತ್ತಿನಲ್ಲಿ, ನಾಲ್ಕೂವರೆ ಕೆ.ಜಿ. ಒತ್ತಡ ನಿಂತು ವಾಷರ್‌ಗಳನ್ನೂ ಫ್ಲಶ್ ವಾಲ್ವ್‌ಗಳನ್ನೂ ಹಾಳುಗೆಡವುತ್ತದೆ. ಬೆಳಿಗ್ಗೆ ಕೆಳಗಿನವರೆಲ್ಲ ಒಟ್ಟಿಗೆ ನಲ್ಲಿ ತೆರೆದಾಗ ಮೇಲಿನ ಮನೆಯ ನಲ್ಲಿ ನೀರಿಗೆ ಬದಲಾಗಿ ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುವುದೂ ಉಂಟು. ಆದ್ದರಿಂದ ಮೇಲಿನ ಮನೆಗಳಿಗೆ ತೊಟ್ಟಿಯಿಂದಲೇ ಪ್ರತ್ಯೇಕ ಲೈನ್ ಎಳೆದು, ಕೆಳಗಿನವುಗಳಿಗೆ ದಾರಿಯ ಮಧ್ಯೆ ಫ್ಲೋಟ್ ವಾಲ್ವ್ (ತೊಟ್ಟಿ ತುಂಬಿದೊಡನೆ ತಾನೇ ಮುಚ್ಚಿಕೊಳ್ಳುವ ವಾಲ್ವ್) ಇರುವ ಸಣ್ಣ ತೊಟ್ಟಿಯೊಂದನ್ನು ಕೂರಿಸುವುದು ಲೇಸು. ನೀರು ಅಲ್ಲಿ ಬಯಲಿಗೆ ಬೀಳುವುದರಿಂದ ಒತ್ತಡ ಸೊನ್ನೆಗಿಳಿದು ಹೊಸದಾಗಿ ಶುರುವಾಗುತ್ತದೆ. ಒತ್ತಡ ತಗ್ಗಿಸುವ ವಾಲ್ವಿನಿಂದಲೂ ಈ ಕೆಲಸವಾಗುತ್ತದೆಯಾದರೂ ಅದು ಕೆಟ್ಟದ್ದು ಯಾರ ಕಣ್ಣಿಗೂ ಬೀಳುವುದಿಲ್ಲ, ತೊಟ್ಟಿಯಾದರೆ ತುಂಬಿ ಹರಿದು ತಾನೇ ತಿಳಿಸುತ್ತದೆ.

ಪೈಪಿನ ವ್ಯಾಸದಲ್ಲಿ ಜಿಪುಣತನ ಬೇಡ: ಅಷ್ಟೇ ನೀರು ಅರ್ಧ ವ್ಯಾಸದ ಪೈಪಿನಲ್ಲಿ ಹರಿಯಬೇಕಾದರೆ ಘರ್ಷಣೆ ಸುಮಾರು ಮೂವತ್ತು ಪಟ್ಟಾಗುತ್ತದೆ. ಲೈನು ಉಬ್ಬಿದಲ್ಲಿ ಸಿಕ್ಕಿಕೊಂಡ ಗಾಳಿಯನ್ನು ಬಿಡುವ ಏರ್ ವಾಲ್ವ್, ತಗ್ಗಿದಲ್ಲಿ ಕೆಸರು ಬಿಡುವ ವಾಲ್ವ್ ಇರಲಿ. ಇನ್ನೊಂದು ಮಾತು, ಬಾವಿಗಿಂತ ಮೇಲಿರುವ ಮನೆಗಳ ಶೌಚದ ಗುಂಡಿಗಳು ಯಾವ ದಿಕ್ಕಿಗೆ ಬಸಿಯುತ್ತವೆ ಎಂಬುದನ್ನು ಪೈಪು ಕೊಳ್ಳುವ ಮೊದಲೇ ನೋಡಿಕೊಳ್ಳಬೇಕು.

ಮೀಟರುಗಳನ್ನು ಪ್ರತಿ ಮನೆಯ ಕಾಂಪೌಂಡಿನ ಹೊರಗೆ ಇಟ್ಟು, ತೊಟ್ಟಿಯ ಬಾಯಿಗೂ ಒಂದನ್ನು ಹಾಕಿಸಿದರೆ ವಿದ್ಯುತ್ ಬಿಲ್ಲನ್ನು ಬಳಕೆಗೆ ತಕ್ಕಂತೆ ಹಂಚಬಹುದು. ಮನೆಗಳ ಮೊತ್ತಕ್ಕೂ ತೊಟ್ಟಿಯ ಮೀಟರಿಗೂ ಇರುವ ಅಂತರ ತಿಂಗಳಿಂದ ತಿಂಗಳಿಗೆ ಹೆಚ್ಚುತ್ತಿದ್ದರೆ ಎಲ್ಲೋ ಪೈಪು ಸೋರುತ್ತಿದೆ ಎಂದೇ ತಿಳಿಯಬೇಕು.