ಒಂದು ಸೆಲ್ ಹೊಸತು, ಒಂದು ಹಳತು

ಶಿರಸಿಯ ನನ್ನ ದುರಸ್ತಿ ಅಂಗಡಿಗೆ ಬರುವ ಸಾಮಾನುಗಳಲ್ಲಿ ಈಚಿನ ಕೆಲವು ವರ್ಷಗಳಿಂದ ಬ್ಯಾಟರಿಯ ಸ್ಪೀಕರ್‌ಫೋನ್‌ಗಳೂ, ಅಂದರೆ ನಡುವೆ ಇಟ್ಟು ಹಲವರು ಒಟ್ಟಿಗೆ ಕರೆಯಲ್ಲಿ ಮಾತಾಡಬಹುದಾದ, ಮೈಕ್ ಮತ್ತು ಸ್ಪೀಕರ್ ಎರಡೂ ಇರುವ ಪೆಟ್ಟಿಗೆಗಳೂ, ಸೇರಿಕೊಂಡಿವೆ. ತೋಟದ ಮನೆಯಲ್ಲಿ ಕುಳಿತು ಬೆಂಗಳೂರಿನ ಕಚೇರಿಯ ಕೆಲಸ ಮಾಡುವವರು ತರುತ್ತಾರೆ. ದೂರದೇಶದ ಮಕ್ಕಳೊಂದಿಗೆ ಮನೆಮಂದಿಯೆಲ್ಲ ಒಟ್ಟಿಗೆ ಮಾತಾಡಲೆಂದು ಇಟ್ಟುಕೊಂಡವರೂ ತರುತ್ತಾರೆ. ಎಲ್ಲರ ದೂರೂ ಒಂದೇ: ಮೊದಲು ಇಡೀ ದಿನ ಬರುತ್ತಿದ್ದುದು ಈಗ ಅರ್ಧ ತಾಸಿಗೇ ಬಂದ್ ಆಗುತ್ತದೆ.

ಬಿಚ್ಚುವುದು ದೊಡ್ಡ ವಿದ್ಯೆಯಲ್ಲ. ಹೆಚ್ಚಿನವುಗಳಲ್ಲಿ ಸ್ಕ್ರೂಗಳು ಅಡಿಯ ರಬ್ಬರ್ ಪಾದಗಳ ಕೆಳಗೆ ಅಡಗಿರುತ್ತವೆ. ಮುಚ್ಚಳವನ್ನು ಒಮ್ಮೆಲೇ ಎಳೆದರೆ ಒಳಗಿನ ಪಟ್ಟಿ ಕೇಬಲ್ ಹರಿಯುತ್ತದೆ. ಮೈಕ್‌ಗಳ ಸುತ್ತಲಿನ ಪುಟ್ಟ ರಬ್ಬರ್ ತೋಳುಗಳನ್ನು ಇದ್ದ ಜಾಗದಲ್ಲೇ ಕೂರಿಸಬೇಕು. ಇಲ್ಲವಾದರೆ ಸ್ಪೀಕರಿನ ಸದ್ದು ಒಳಗಿನಿಂದಲೇ ಮೈಕಿಗೆ ನುಗ್ಗಿ, ಆ ತುದಿಯಲ್ಲಿರುವವರಿಗೆ ಅವರದೇ ಮಾತು ಮರಳಿ ಕೇಳಿಸತೊಡಗುತ್ತದೆ.

ನಾನು ಬರೆಯಹೊರಟಿದ್ದು ಬೇರೆಯದೇ ವಿಷಯ. ತುಸು ದೊಡ್ಡ ಉಪಕರಣಗಳಲ್ಲಿ 18650 ಎಂಬ ಎರಡು ಲಿಥಿಯಂ ಸೆಲ್‌ಗಳನ್ನು ಒಂದರ ಹಿಂದೊಂದು, ಅಂದರೆ ಸರಣಿಯಲ್ಲಿ, ಜೋಡಿಸಿರುವುದುಂಟು. 18 ಮಿಲಿಮೀಟರ್ ಅಡ್ಡಳತೆ, 65 ಮಿಲಿಮೀಟರ್ ಉದ್ದ ಎಂಬುದರಿಂದಲೇ ಆ ಹೆಸರು. ಹತ್ತರಲ್ಲಿ ಎಂಟು ಜನ ನನ್ನಲ್ಲಿ ಕೇಳುವುದು, ಒಂದನ್ನು ಮಾತ್ರ ಬದಲಾಯಿಸಿ ಕೊಡಿ ಎಂದು.

ಸಿದ್ದಾಪುರದ ಕಡೆಯ ನಿವೃತ್ತ ಮಾಸ್ತರರೊಬ್ಬರು ತಾವೇ ಬಿಚ್ಚಿ, ಮಲ್ಟಿಮೀಟರಿನಲ್ಲಿ ಅಳೆದು, ಲೆಕ್ಕವನ್ನು ಚೀಟಿಯಲ್ಲಿ ಬರೆದು ತಂದಿದ್ದರು. "ತಮಾ, ಇದು 4.1 ವೋಲ್ಟ್ ತೋರಿಸುತ್ತದೆ, ಗಟ್ಟಿ ಇದೆ. ಅದನ್ನೆಂತಕ್ಕೆ ಬಿಸಾಡುವುದು?" ಎಂದರು. ಒಂದು ಅಡಿಕೆಯನ್ನೂ ಅಂಗಳದಲ್ಲಿ ಬಿಡದೆ ಹೆಕ್ಕುವ ಮನೆಯವರು ಹೀಗೆ ಕೇಳುವುದು ಸಹಜ, ಆ ಮಿತವ್ಯಯದ ಮೇಲೆ ನನಗೆ ಗೌರವವೇ ಇದೆ. ಆದರೆ ಈ ಒಂದು ಕಡೆ ಅದು ಸಲ್ಲದು.

ವೋಲ್ಟೇಜ್ ಹೇಳುವುದು ಸೆಲ್ ಎಷ್ಟು ತುಂಬಿದೆ ಎಂಬುದನ್ನು; ಅದರಲ್ಲಿ ಎಷ್ಟು ಹಿಡಿಸುತ್ತದೆ ಎಂಬುದನ್ನಲ್ಲ. ಹೂಳು ತುಂಬಿದ ಕೆರೆಯೂ ಹೂಳೆತ್ತಿದ ಕೆರೆಯೂ ಆಷಾಢದಲ್ಲಿ ದಂಡೆಯ ಮಟ್ಟಕ್ಕೇ ನಿಂತಿರುತ್ತವೆ. ಯಾವುದರಲ್ಲಿ ಎಷ್ಟು ನೀರಿತ್ತೆಂದು ತಿಳಿಯುವುದು ಬೇಸಿಗೆಯಲ್ಲಿ, ಪಂಪು ಹಚ್ಚಿದಾಗ. ಮಾಸ್ತರರ ಆ 'ಗಟ್ಟಿ' ಸೆಲ್ಲನ್ನು ಪೂರ್ತಿ ತುಂಬಿಸಿ ಖಾಲಿಮಾಡಿ ಅಳೆದಾಗ, ಮೈಮೇಲೆ 2600 ಎಂಎಎಚ್ (ಎಷ್ಟು ಹಿಡಿಸುತ್ತದೆ ಎಂಬುದರ ಅಳತೆ) ಎಂದು ಬರೆದಿದ್ದರೂ ಅದರಿಂದ ಹೊರಬಂದದ್ದು ಅದರ ಅರ್ಧಕ್ಕಿಂತ ಕಡಿಮೆ. ಎರಡೂ ಸೆಲ್‌ಗಳು ಒಂದೇ ದಿನ ಹುಟ್ಟಿ, ಒಂದೇ ಪೆಟ್ಟಿಗೆಯಲ್ಲಿ, ಒಂದೇ ಬಿಸಿಯನ್ನು ಉಂಡು ಬೆಳೆದವು. ಒಂದು ಸೋತಿದ್ದರೆ ಇನ್ನೊಂದೂ ಸೋಲುವ ದಾರಿಯಲ್ಲೇ ಇರುತ್ತದೆ.

ಈ ಹಳತಿನ ಜೊತೆಗೆ ಹೊಸತನ್ನು ಜೋಡಿಸಿದರೆ ಆಗುವುದೇನು? ಸರಣಿಯಲ್ಲಿರುವ ಎರಡರಲ್ಲೂ ಹರಿಯುವ ವಿದ್ಯುತ್ ಒಂದೇ ಪ್ರಮಾಣದ್ದು. ಹೊಸತರಲ್ಲಿ ಇನ್ನೂ ಅರ್ಧ ಉಳಿದಿರುವಾಗ ಹಳತು ಬರಿದಾಗುತ್ತದೆ, ಬರಿದಾದ ಮೇಲೂ ಹೊಸತು ಅದರ ಮೂಲಕ ವಿದ್ಯುತ್ತನ್ನು ತಳ್ಳುತ್ತಲೇ ಇರುತ್ತದೆ. 2.5 ವೋಲ್ಟ್‌ಗಿಂತ ತೀರಾ ಕೆಳಗಿಳಿದ ಸೆಲ್ಲಿನಲ್ಲಿ ಒಳಗಿನ ತಾಮ್ರದ ಹಾಳೆ ಕರಗತೊಡಗುತ್ತದೆ, ಮುಂದೆ ಚಾರ್ಜ್ ಮಾಡುವಾಗ ಅದೇ ತಾಮ್ರ ಒಳಗೇ ಶಾರ್ಟ್ ಆಗಲು ಕಾರಣವಾಗಬಹುದು. ತುಂಬುವಾಗಿನ ಅಪಾಯ ಇನ್ನೊಂದು ಬಗೆಯದು. ಒಂದೊಂದಕ್ಕೆ 4.2 ವೋಲ್ಟ್ ಮಿತಿಯಾದ್ದರಿಂದ ಚಾರ್ಜರ್ ಒಟ್ಟು 8.4 ಆಗುವುದನ್ನೇ ಕಾಯುತ್ತದೆ. ಹಳತು 4.35ಕ್ಕೆ ಏರಿ ಹೊಸತು 4.05ರಲ್ಲೇ ಇದ್ದರೂ ಕೂಡಿದರೆ 8.4 ಆಗುತ್ತದೆ, ಚಾರ್ಜರಿಗೆ ಸಮಾಧಾನ, ಹಳೆಯ ಸೆಲ್ಲಿಗೆ ಯಾತನೆ. ಪ್ರತಿ ಸೆಲ್ಲನ್ನೂ ಬೇರೆಬೇರೆಯಾಗಿ ಗಮನಿಸುವ ರಕ್ಷಣಾ ಸರ್ಕ್ಯೂಟ್ ಇದ್ದರೆ ಇಷ್ಟಾಗದೆ, ಹಳತಿನ ಮಿತಿ ಮುಟ್ಟಿದೊಡನೆ ಎಲ್ಲವೂ ನಿಲ್ಲುತ್ತದೆ. ಆಗ ಅಪಾಯವಿಲ್ಲ ನಿಜ, ಆದರೆ ನೀವು ಕೊಂಡ ಹೊಸ ಸೆಲ್ಲಿನ ಅರ್ಧ ಹಣ ಒಳಗೇ ಉಳಿಯುತ್ತದೆ. ಯಾವ ಉಪಕರಣದಲ್ಲಿ ಯಾವ ಸರ್ಕ್ಯೂಟ್ ಇದೆಯೆಂದು ಬಿಚ್ಚುವ ಮೊದಲೇ ನಾನು ಮಾತು ಕೊಡಲಾರೆ. ಆದ್ದರಿಂದಲೇ ಎರಡನ್ನೂ ಒಟ್ಟಿಗೆ, ಒಂದೇ ಮಾದರಿಯ, ಸಾಧ್ಯವಾದರೆ ಒಂದೇ ಸಲ ತಯಾರಾದ ತಂಡದ ಸೆಲ್‌ಗಳಿಂದ ಬದಲಿಸುತ್ತೇನೆ.

9900 ಎಂಎಎಚ್ ಎಂದು ಅಚ್ಚು ಹಾಕಿದ ಅಗ್ಗದ ಸೆಲ್ಲನ್ನು ತಂದು ಇದನ್ನೇ ಹಾಕಿ ಎನ್ನುವವರಿಗೂ ಒಂದು ಮಾತು. ಈ ಗಾತ್ರದ ನಂಬಿಕೆಯ ಸೆಲ್‌ಗಳಲ್ಲಿ ಸಾಮಾನ್ಯವಾಗಿ ಸಿಗುವುದು 2000ದಿಂದ 3500ರವರೆಗೆ. ಒಳ್ಳೆಯ ಸೆಲ್ 45 ಗ್ರಾಂನ ಆಸುಪಾಸು ತೂಗುತ್ತದೆ. ತೀರಾ ಹಗುರವಾದುದನ್ನು ದಯವಿಟ್ಟು ಕೊಳ್ಳಬೇಡಿ.

ಮಾಸ್ತರರು ಚೀಟಿಯ ಹಿಂಬದಿಯಲ್ಲಿ ನಾನು ಬರೆದು ತೋರಿಸಿದ ಕೂಡುಲೆಕ್ಕವನ್ನು ಎರಡು ಬಾರಿ ಪರೀಕ್ಷಿಸಿ, ಎರಡನ್ನೂ ಹಾಕಲು ಒಪ್ಪಿದರು. ತೆಗೆದ ಹಳೆಯ ಸೆಲ್‌ಗಳನ್ನು ಮನೆಗೆ ಒಯ್ಯುತ್ತೇನೆಂದಾಗ ಮಾತ್ರ ನಾನು ಕೊಡಲಿಲ್ಲ. ನಮ್ಮ ಸೀಮೆಯ ಮನೆಗಳಲ್ಲಿ ಬೇಡದ್ದೆಲ್ಲ ಕೊನೆಗೆ ಸೇರುವುದು ಬಚ್ಚಲ ಒಲೆಗೆ, ಬೆಂಕಿಗೆ ಬಿದ್ದ ಲಿಥಿಯಂ ಸೆಲ್ ಸಿಡಿಯುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳೂ ಬಳಸಿದ ಬ್ಯಾಟರಿಗಳನ್ನು ಬೇರೆ ಕಸದೊಂದಿಗೆ ಬೆರೆಸಬಾರದೆನ್ನುತ್ತವೆ. ಎರಡೂ ತುದಿಗಳಿಗೆ ಇನ್ಸುಲೇಷನ್ ಟೇಪ್ ಸುತ್ತಿ, ಒಣಗಿದ ಡಬ್ಬದಲ್ಲಿಟ್ಟು, ಪೇಟೆಗೆ ಬಂದಾಗ ತಂದುಕೊಡಿ; ಸಂಗ್ರಹಿಸುವವರಿಗೆ ತಲುಪಿಸುವ ಕೆಲಸ ನನ್ನದು.